ಹಾಜರಿ ಪುಸ್ತಕಕ್ಕೆ ಕಾಣದ ನೋವು

ಕನ್ನಡದಲ್ಲಿ ‘ತಲೆನೋವು’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಂದು, ನಿಜವಾದ ಶಿರೋವೇದನೆ. ಇನ್ನೊಂದು, ಬೇಡದ ತೊಡಕು. ‘ಈ ವ್ಯವಹಾರ ಒಂದು ದೊಡ್ಡ ತಲೆನೋವು’ ಎನ್ನುತ್ತೇವೆ. ‘ದೊಡ್ಡ ಕಾಮಾಲೆ’ ಎಂದು ಯಾರೂ ಹೇಳುವುದಿಲ್ಲ. ಬೇರೆ ಬೇನೆಗಳಿಗಿಲ್ಲದ ಈ ಸದರ ತಲೆನೋವಿಗೆ ಮಾತ್ರ ಏಕೆ? ಅದು ಎಲ್ಲರಿಗೂ ಬರುವಂಥದು, ಬಂದು ಹೋಗುವಂಥದು, ಅನ್ಯರ ಕಣ್ಣಿಗೆ ಕಾಣದಂಥದು. ಜ್ವರವನ್ನು ಉಷ್ಣಮಾಪಕ ತೋರಿಸುತ್ತದೆ, ಮುರಿದ ಎಲುಬನ್ನು ಕ್ಷಕಿರಣ ತೋರಿಸುತ್ತದೆ. ತಲೆನೋವಿಗೆ ಹೆಚ್ಚಿನ ವೇಳೆ ನೊಂದವನ ಮಾತೇ ಸಾಕ್ಷಿ. ಆದುದರಿಂದಲೇ ಅದಕ್ಕಾಗಿ ರಜೆ ಕೇಳಲು ನೌಕರನಿಗೆ ಸಂಕೋಚ, ಕೊಡಲು ಮೇಲಧಿಕಾರಿಗೆ ಸಂಶಯ. ಕೊನೆಗೆ ಆತ ಹಣೆಗೆ ಮುಲಾಮು ತಿಕ್ಕಿ, ಒಂದು ಮಾತ್ರೆ ನುಂಗಿ, ಕೆಲಸಕ್ಕೆ ಕೂರುತ್ತಾನೆ. ಹೀಗೆ ಹಲ್ಲುಕಚ್ಚಿ ಮಾಡುವ ದುಡಿಮೆಯಿಂದ ಯಾರಿಗೆ ಲಾಭ ಎಂಬುದೇ ಇಲ್ಲಿಯ ವಿಚಾರ.

ನಮ್ಮ ಪ್ರಾಚೀನ ವೈದ್ಯರು ಈ ಬೇನೆಯನ್ನು ಹಗುರಾಗಿ ಎಣಿಸಿರಲಿಲ್ಲ. ಸುಶ್ರುತಸಂಹಿತೆ 11 ಬಗೆಯ ಶಿರೋರೋಗಗಳನ್ನು ಹೇಳುತ್ತದೆ. ಅವುಗಳಲ್ಲಿ ‘ಅರ್ಧಾವಭೇದಕ’ವೆಂಬುದು ನಮ್ಮ ಜನರ ಬಾಯಲ್ಲಿ ಅರೆತಲೆನೋವು, ಇಂದಿನ ವೈದ್ಯರ ಬಾಯಲ್ಲಿ ಮೈಗ್ರೇನ್. ‘ಮೈಗ್ರೇನ್’ ಶಬ್ದದ ಮೂಲವೂ ‘ಅರ್ಧ ತಲೆಬುರುಡೆ’ ಎಂಬರ್ಥದ ಗ್ರೀಕ್ ಪದವೇ. ಚಿಕಿತ್ಸೆ ಸಿಗದಿದ್ದರೆ ಅದು 4ರಿಂದ 72 ಗಂಟೆಗಳವರೆಗೆ ಕಾಡಬಲ್ಲದು. ವಾಕರಿಕೆ ಬರುತ್ತದೆ, ಬೆಳಕು ಸದ್ದುಗಳು ಸಹಿಸಲಾರದಂತಾಗುತ್ತವೆ. ತಲೆಗೆ ಪಟ್ಟಿ ಬಿಗಿದಂತೆನಿಸುವ ಇನ್ನೊಂದು ಬಗೆಯ ನೋವು ಇದಕ್ಕಿಂತಲೂ ಸಾಮಾನ್ಯ, ಆದರೆ ಅಷ್ಟು ಉಗ್ರವಲ್ಲ.

ಇದು ಎಷ್ಟು ಮಂದಿಯನ್ನು ಬಾಧಿಸುತ್ತದೆ? 2009-10ರಲ್ಲಿ ನಿಮ್ಹಾನ್ಸ್ ಸಂಸ್ಥೆಯ ಸಂಶೋಧಕರೂ ಅವರ ಸಹಯೋಗಿಗಳೂ ಬೆಂಗಳೂರು ನಗರ ಮತ್ತು ಗ್ರಾಮಾಂತರ ಪ್ರದೇಶದ 2,329 ವಯಸ್ಕರನ್ನು ಮನೆಮನೆಗೆ ಹೋಗಿ ವಿಚಾರಿಸಿದರು. ಹಿಂದಿನ ಒಂದು ವರ್ಷದಲ್ಲಿ ನೂರಕ್ಕೆ ಸುಮಾರು 64 ಮಂದಿಗೆ ತಲೆನೋವು ಬಂದಿತ್ತು. ನೂರಕ್ಕೆ 25 ಮಂದಿಗೆ ಇದ್ದದ್ದು ಮೈಗ್ರೇನ್. ಪುರುಷರಿಗಿಂತ ಸ್ತ್ರೀಯರಲ್ಲಿ ಅದು ಹೆಚ್ಚು. ಅವರಲ್ಲಿ ಅನೇಕರು ದುಡಿಯುವ ಅಡುಗೆಮನೆಗಂತೂ ಹಾಜರಿ ಪುಸ್ತಕವೂ ಇಲ್ಲ, ರಜೆಯೂ ಇಲ್ಲ.

ಸಾಮಾನ್ಯವಾಗಿ ನಾವು ನಷ್ಟವನ್ನು ಗೈರುಹಾಜರಿಯಿಂದ ಅಳೆಯುತ್ತೇವೆ. ಬಾರದವನಿಂದ ನಷ್ಟ, ಬಂದವನಿಂದ ಲಾಭ ಎಂಬುದು ನಮ್ಮ ಲೆಕ್ಕ. ಈ ಲೆಕ್ಕ ತಪ್ಪೆಂದು ಅಧ್ಯಯನಗಳು ತೋರಿಸಿವೆ. ಅಮೆರಿಕದಲ್ಲಿ 2001-02ರಲ್ಲಿ 28 ಸಾವಿರಕ್ಕೂ ಹೆಚ್ಚು ಮಂದಿ ದುಡಿಯುವವರನ್ನು ದೂರವಾಣಿಯ ಮೂಲಕ ಪ್ರಶ್ನಿಸಿ ಒಂದು ಸಮೀಕ್ಷೆ ನಡೆಯಿತು. ದುಡಿಮೆಯ ಹೊತ್ತನ್ನು ಕಸಿಯುವ ನೋವುಗಳಲ್ಲಿ ತಲೆನೋವೇ ಅತಿ ಸಾಮಾನ್ಯವೆಂದು ಅದು ಕಂಡಿತು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ನೋವುಗಳಿಂದಾದ ಒಟ್ಟು ನಷ್ಟದ ಮುಕ್ಕಾಲು ಪಾಲಿಗೂ ಮಿಕ್ಕಿ ಸಂಭವಿಸಿದ್ದು ಮನೆಯಲ್ಲಿ ಉಳಿದವರಿಂದಲ್ಲ, ಕೆಲಸಕ್ಕೆ ಬಂದು ಕುಳಿತವರಿಂದ. 2012ರಲ್ಲಿ ಪ್ರಕಟವಾದ ಎಂಟು ಐರೋಪ್ಯ ದೇಶಗಳ ಅಧ್ಯಯನವೂ ಇದನ್ನೇ ಹೇಳಿತು: ಮೈಗ್ರೇನಿನಿಂದ ದುಡಿಮೆಗಾಗುವ ನಷ್ಟದಲ್ಲಿ ಮೂರರಲ್ಲಿ ಒಂದು ಪಾಲು ಗೈರುಹಾಜರಿಯದು, ಎರಡು ಪಾಲು ಕುಗ್ಗಿದ ಕೆಲಸದ್ದು. ಇಂಗ್ಲಿಷಿನಲ್ಲಿ ಇದಕ್ಕೆ ‘ಪ್ರೆಸೆಂಟೀಯಿಸಂ’ ಎಂಬ ಹೆಸರಿದೆ. ಕನ್ನಡದಲ್ಲಿ ‘ಹಾಜರಿದ್ದೂ ಗೈರು’ ಎನ್ನಬಹುದು.

ಹೀಗಾಗಲು ಕಾರಣ ಸ್ಪಷ್ಟವಾಗಿಯೇ ಇದೆ. ನೋವು ಗಮನವನ್ನು ತನ್ನೆಡೆಗೆ ಎಳೆದುಕೊಳ್ಳುತ್ತದೆ. ಓದಿದ ಸಾಲನ್ನೇ ಮತ್ತೆ ಓದಬೇಕಾಗುತ್ತದೆ. ಮನಸ್ಸಿನಲ್ಲಿ ಹಿಡಿದ ಅಂಕಿ ಜಾರಿಹೋಗುತ್ತದೆ. ಮೌಲ್ಯಮಾಪನ ಕೇಂದ್ರವೊಂದರಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಹಿರಿಯ ಪರೀಕ್ಷಕರೊಬ್ಬರಿಗೆ ಅರೆತಲೆನೋವು. ಅಂದಿನ ಪಾಲಿನ ಉತ್ತರಪತ್ರಿಕೆಗಳನ್ನು ಮುಗಿಸದೆ ಏಳುವುದು ಅವರ ನಿಷ್ಠೆಗೆ ಒಗ್ಗದು. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಸಂಜೆಯವರೆಗೂ ತಿದ್ದಿದರು. ಮರುದಿನದ ಪರಿಶೀಲನೆಯಲ್ಲಿ ಕೂಡಿಕೆಯ ತಪ್ಪುಗಳು ಕಂಡವು. ಕೆಲವು ಉತ್ತರಗಳಿಗೆ ಅಂಕವನ್ನೇ ಹಾಕಿರಲಿಲ್ಲ. ಒಬ್ಬ ವಿದ್ಯಾರ್ಥಿಯಂತೂ ತೇರ್ಗಡೆಯಾಗಬೇಕಾದವನು ನಪಾಸಾಗಿದ್ದ. ಇಡೀ ಕಟ್ಟನ್ನು ಮತ್ತೆ ತಿದ್ದಬೇಕಾಯಿತು. ಒಂದು ದಿನವನ್ನು ಉಳಿಸಲು ಹೋಗಿ ಎರಡು ದಿನ ಕಳೆದವು. ಹಾಜರಿ ಪುಸ್ತಕದಲ್ಲಿ ಮಾತ್ರ ಎರಡೂ ದಿನದ ಸಹಿ ಸರಿಯಾಗಿತ್ತು.

ಕೆಲಸಕ್ಕಾಗುವ ಹಾನಿ ಹೀಗಾದರೆ, ದೇಹಕ್ಕಾಗುವ ಹಾನಿ ಇನ್ನೊಂದು ಬಗೆಯದು. ಮೈಗ್ರೇನಿಗೆ ಔಷಧ ಚೆನ್ನಾಗಿ ನಾಟುವುದು ನೋವು ಮೊಳೆಯುವಾಗ. ‘ಈ ಕಡತವೊಂದು ಮುಗಿಯಲಿ’ ಎಂದು ಕಾದರೆ, ನೋವು ಬಲಿತು, ಜಠರದ ಚಲನೆ ಮಂದವಾಗಿ, ನುಂಗಿದ ಮಾತ್ರೆ ರಕ್ತಕ್ಕೆ ಸೇರುವುದೂ ತಡವಾಗುತ್ತದೆ. ಹಾಗೆಂದು ದಿನವೂ ಮಾತ್ರೆ ನುಂಗುವುದು ಇನ್ನೂ ಅಪಾಯ. ಸಾಮಾನ್ಯ ನೋವುನಿವಾರಕವನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಹಲವು ಔಷಧಗಳ ಮಿಶ್ರಣದ ಮಾತ್ರೆಯನ್ನಾದರೆ 10 ದಿನ ಅಥವಾ ಹೆಚ್ಚು, ಹೀಗೆ 3 ತಿಂಗಳಿಗೂ ಮೀರಿ ಸೇವಿಸಿದರೆ ಮಾತ್ರೆಯೇ ತಲೆನೋವನ್ನು ತರತೊಡಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ಪದೇ ಪದೇ ನೋವು ಬರುವವರಿಗೆ, ಅದು ಬಾರದಂತೆ ತಡೆಯುವ ಬೇರೆ ಔಷಧಗಳೇ ಇವೆ. ಅವನ್ನು ವೈದ್ಯರಿಂದ ಕೇಳಿ ಪಡೆಯಬೇಕು. ಹಠಾತ್ತಾಗಿ ಸಿಡಿಲಿನಂತೆ ಎರಗಿದ ನೋವು, ಜ್ವರದೊಡನೆ ಕತ್ತು ಸೆಟೆದ ನೋವು, ಕೈಕಾಲಿನ ಬಲ ಕುಂದಿಸುವ ಅಥವಾ ಮಾತು ತೊದಲಿಸುವ ನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಕಚೇರಿಗಳು ಮಾಡಬೇಕಾದುದು ಬಹಳವಿಲ್ಲ. ಹೊತ್ತಿಗೆ ಸರಿಯಾಗಿ ಊಟದ ಬಿಡುವು, ಕುಡಿಯುವ ನೀರು, ಕಣ್ಣು ಕುಕ್ಕದ ಬೆಳಕು, ಅಗತ್ಯಬಿದ್ದಾಗ ಅರ್ಧ ಗಂಟೆ ಒರಗಲು ಸದ್ದಿಲ್ಲದ ಒಂದು ಕೋಣೆ. ಇವೆಲ್ಲಕ್ಕಿಂತ ಮೊದಲು, ನೌಕರನೊಬ್ಬ ತಲೆನೋವೆಂದಾಗ ಅವನ ಮಾತನ್ನು ನಂಬುವ ದೊಡ್ಡ ಮನಸ್ಸು ಬೇಕು. ಸುಳ್ಳು ಹೇಳುವವರು ಇಲ್ಲವೆಂದಲ್ಲ. ಆದರೆ ಆ ಕೆಲವರಿಗೆ ಅಂಜಿ ನಿಜವಾಗಿ ನೊಂದವರನ್ನು ಕುರ್ಚಿಗೆ ಕಟ್ಟಿಹಾಕಿದರೆ, ಸಂಬಳ ಕೊಟ್ಟು ತಪ್ಪುಗಳನ್ನು ಕೊಂಡಂತೆಯೇ ಸರಿ. ನೌಕರರೂ ತಿಳಿಯಬೇಕಾದುದೊಂದಿದೆ: ನೋವನ್ನು ಹೊತ್ತಿಗೆ ಮೊದಲೇ ಹೇಳಿಕೊಂಡು ಉಪಚಾರ ಪಡೆಯುವುದು ಮೈಗಳ್ಳತನವಲ್ಲ. ಅದೂ ಕೆಲಸದ ಮೇಲಿನ ಗೌರವವೇ.