ಗಾಂಜಾದ ಪರಿಮಳ ಮತ್ತು ಅಮಲು

ಕ್ಯಾಲಿಫೋರ್ನಿಯಾದಲ್ಲಿ ಹೆಸರು ಮಾಡಿದ ಗಾಂಜಾ ತಳಿಗಳಲ್ಲಿ ‘ಬ್ಲೂ ಡ್ರೀಮ್’ ಒಂದು. ಇದು ‘ಬ್ಲೂಬೆರಿ’ ಮತ್ತು ‘ಹೇಜ್’ ತಳಿಗಳ ಸಂಕರ. ಗಾಂಜಾ ಮಾರಾಟ ಅಲ್ಲಿ ಕಾನೂನುಬದ್ಧ. ಹಣ್ಣಿನಂಥ ಪರಿಮಳ, ಹಗುರಾಗುವ ಮೈ, ಅರಳುವ ಮನಸ್ಸು ಎಂದೆಲ್ಲ ಹೊಗಳಿ ಇದನ್ನು ಮಾರುತ್ತಾರೆ. ಪರಿಮಳ ನೋಡಿ ಪರಿಣಾಮ ಹೇಳಲು ಸಾಧ್ಯವೇ?

ಹೆಣ್ಣು ಗಿಡದ ಹೂಗೊಂಚಲಿನ ಮೇಲೆ ಅಂಟು ಸೂಸುವ ಸೂಕ್ಷ್ಮ ರೋಮಗಳಿವೆ. ಪರಿಮಳ ಕೊಡುವ ಟರ್ಪೀನ್‌ಗಳು, ಅಮಲೇರಿಸುವ ಟಿಎಚ್‌ಸಿ ಎರಡಕ್ಕೂ ಮೂಲ ಈ ರೋಮಗಳ ತುದಿಯ ಗ್ರಂಥಿಗಳೇ. ಟರ್ಪೀನ್‌ಗಳು ನಮಗೆ ಹೊಸವಲ್ಲ. ಮಾವಿನಹಣ್ಣಿನಲ್ಲಿ ಮಿರ್ಸೀನ್, ನಿಂಬೆ ಸಿಪ್ಪೆಯಲ್ಲಿ ಲಿಮೊನೀನ್, ಮಲೆನಾಡಿನ ಕಾಳುಮೆಣಸಿನಲ್ಲಿ ಕ್ಯಾರಿಯೋಫಿಲೀನ್ ಇದೆ. ಬ್ಲೂ ಡ್ರೀಮ್‌ನಲ್ಲಿ ಸಾಮಾನ್ಯವಾಗಿ ಮಿರ್ಸೀನ್‌ದೇ ಮೇಲುಗೈ.

ಟಿಎಚ್‌ಸಿಯನ್ನು 1964ರಲ್ಲಿ ಇಸ್ರೇಲಿನ ರಾಫೆಲ್ ಮೆಶೂಲಂ ಮತ್ತು ಯೆಹಿಯೆಲ್ ಗವೋನಿ ಬೇರ್ಪಡಿಸಿ ಅದರ ರಚನೆಯನ್ನು ಗುರುತಿಸಿದರು. ಹಸಿ ಗಿಡದಲ್ಲಿ ಅದು ಬಹುಪಾಲು ಅಮಲಿಲ್ಲದ ಆಮ್ಲರೂಪದಲ್ಲಿರುತ್ತದೆ. ಬಿಸಿ ತಾಗಿದಾಗ ಟಿಎಚ್‌ಸಿಯಾಗುತ್ತದೆ. ಮಿದುಳಿನ ಸಿಬಿ1 ಎಂಬ ಗ್ರಾಹಕಗಳಿಗೆ (ರಿಸೆಪ್ಟರ್) ಅಂಟಿಕೊಂಡು ನೆನಪು, ಗಮನ, ಕಾಲದ ಅರಿವು, ಅಂಗಾಂಗಗಳ ಹಿಡಿತವನ್ನು ಏರುಪೇರು ಮಾಡುತ್ತದೆ.

ಟರ್ಪೀನ್‌ಗಳ ಪಾತ್ರ ಇಷ್ಟು ಖಚಿತವಲ್ಲ. ಕ್ಯಾರಿಯೋಫಿಲೀನ್ ಸಿಬಿ2 ಎಂಬ ಇನ್ನೊಂದು ಗ್ರಾಹಕಕ್ಕೆ ಅಂಟುತ್ತದೆ, ಆದರೆ ಅಮಲು ತರುವುದಿಲ್ಲ. 2024ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗದಲ್ಲಿ, ಲಿಮೊನೀನ್ ಬೆರೆಸಿದಾಗ ಟಿಎಚ್‌ಸಿ ಹುಟ್ಟಿಸುವ ಆತಂಕ ತಗ್ಗಿತು. ಉಳಿದ ಅಮಲು ಬಹುಮಟ್ಟಿಗೆ ಹಾಗೆಯೇ ಇತ್ತು. ಅಲ್ಲಿ ಬಳಸಿದ ಲಿಮೊನೀನ್ ಹೂವಿನಲ್ಲಿ ಸಹಜವಾಗಿರುವುದಕ್ಕಿಂತ ಬಹಳ ಹೆಚ್ಚು. ತಳಿಯ ಹೆಸರನ್ನೂ ನಂಬುವಂತಿಲ್ಲ: ಒಂದೇ ಹೆಸರಿನ ಮಾದರಿಗಳ ವಂಶವಾಹಿಗಳು ಬೇರೆಬೇರೆಯಾಗಿರುವುದನ್ನು ಕೆನಡಾದ ಸಂಶೋಧಕರು 2015ರಲ್ಲಿ ತೋರಿಸಿದರು.

ಪರಿಣಾಮವನ್ನು ಮುಖ್ಯವಾಗಿ ನಿರ್ಧರಿಸುವುದು ಟಿಎಚ್‌ಸಿಯ ಪ್ರಮಾಣ, ಬಳಸುವವರ ವಯಸ್ಸು, ದೇಹ ಮತ್ತು ಅಭ್ಯಾಸ. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ ಟಿಎಚ್‌ಸಿ 1995ರಲ್ಲಿ ಸರಾಸರಿ ಶೇ 4ರಷ್ಟಿತ್ತು. 2014ರ ಹೊತ್ತಿಗೆ ಶೇ 12ರಷ್ಟಾಯಿತು. ಬ್ಲೂ ಡ್ರೀಮ್‌ನ ಲೇಬಲ್‌ಗಳಲ್ಲಿ ಶೇ 20ರ ಆಸುಪಾಸಿನ ಅಂಕಿ ಸಾಮಾನ್ಯ. ಯುರೋಪ್ ಮತ್ತು ಬ್ರೆಜಿಲ್‌ನ 11 ಕಡೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಶೇ 10ಕ್ಕೂ ಹೆಚ್ಚು ಟಿಎಚ್‌ಸಿ ಇರುವ ಗಾಂಜಾವನ್ನು ದಿನವೂ ಬಳಸುವವರಲ್ಲಿ ಸೈಕೋಸಿಸ್ ಎಂಬ ತೀವ್ರ ಮಾನಸಿಕ ಕಾಯಿಲೆಯ ಸಾಧ್ಯತೆ, ಎಂದೂ ಬಳಸದವರಿಗಿಂತ ಸುಮಾರು ಐದು ಪಟ್ಟು ಹೆಚ್ಚು.

ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆಯಡಿ ಗಾಂಜಾ ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧ. ಆದರೂ ವಿದೇಶಿ ತಳಿಗಳ ಆಕರ್ಷಕ ಹೆಸರುಗಳು ಮೊಬೈಲಿನ ಮೂಲಕ ನಮ್ಮ ಹುಡುಗರನ್ನು ತಲುಪುತ್ತಿವೆ. ಹದಿಹರೆಯದ ಮಿದುಳು ಇನ್ನೂ ಬೆಳೆಯುತ್ತಿರುತ್ತದೆ. ಅದಕ್ಕೆ ಅಪಾಯ ಹೆಚ್ಚು. ಹೆತ್ತವರೂ ಶಿಕ್ಷಕರೂ ಬರೀ ಗದರಿಸಿ ಸುಮ್ಮನಾಗದೆ ಈ ವಿಜ್ಞಾನವನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು.