ಪ್ರೊಫೆಸರರು ಕಟಕಟೆ ಹತ್ತಿದಾಗ

ಬಾಂದ್ರಾ ಕೋರ್ಟಿನಲ್ಲಿ ತಜ್ಞಸಾಕ್ಷಿ ಎಂದರೆ ನಮಗೆ ಸಿಗುವವರು ಕೈಬರಹ ಪರೀಕ್ಷಕರು, ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರು. ರಾಜ್ಯಶಾಸ್ತ್ರದ ಪ್ರೊಫೆಸರರು ಕಟಕಟೆಗೆ ಬಂದದ್ದನ್ನು ನನ್ನ ವಕೀಲಿ ವೃತ್ತಿಯಲ್ಲಿ ಕಂಡಿಲ್ಲ. ಹಾಗಾಗಿ 2017ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಶುರುವಾದ ವಿಜಯ್ ಮಲ್ಯ ಹಸ್ತಾಂತರ ವಿಚಾರಣೆಯ ಒಂದು ವರದಿಯನ್ನೂ ನಾನು ಬಿಡಲಿಲ್ಲ.

ಮಲ್ಯ ಪರವಾಗಿ ಸೋಆಸ್ ವಿಶ್ವವಿದ್ಯಾಲಯದ ಲಾರೆನ್ಸ್ ಸಾಯೆಜ್ ಸಿಬಿಐ ಮೇಲಿನ ರಾಜಕೀಯ ಪ್ರಭಾವದ ಬಗ್ಗೆ, ಅಲ್ಲಿಯವರೇ ಆದ ಮಾರ್ಟಿನ್ ಲಾವ್ ನಮ್ಮ ನ್ಯಾಯಾಂಗದ ಬಗ್ಗೆ ಸಾಕ್ಷಿ ನುಡಿದರು. ಹಸ್ತಾಂತರವಾದರೆ ಮಲ್ಯರನ್ನು ಇಡಲಿದ್ದ ಮುಂಬಯಿಯ ಆರ್ಥರ್ ರೋಡ್ ಜೈಲಿನ ಬಗ್ಗೆ ಭಾರತ ಕೊಟ್ಟ ಭರವಸೆ ಸಾಲದು ಎಂದರು ಜೈಲು ತಜ್ಞ ಡಾ. ಅಲನ್ ಮಿಚೆಲ್. ಬಾಂದ್ರಾದಿಂದ ಲೋಕಲ್ ಹಿಡಿದು ಮಹಾಲಕ್ಷ್ಮಿಯಲ್ಲಿ ಇಳಿದರೆ ಆ ಜೈಲು ದೂರವೇನಲ್ಲ. ಅದರ 12ನೇ ಬ್ಯಾರಕ್ಕಿಗೆ ಹಗಲು ಬೆಳಕು ಬರುತ್ತದೆಯೇ ಎಂಬುದು ಲಂಡನ್ನಿನಲ್ಲಿ ಚರ್ಚೆಯಾಯಿತು! ಫೋಟೋಗಳಿಂದ ಸಮಾಧಾನವಾಗದ ನ್ಯಾಯಾಧೀಶೆ ಎಮ್ಮಾ ಆರ್ಬತ್‌ನಾಟ್, ಮಟಮಟ ಮಧ್ಯಾಹ್ನ, ದೀಪದ ಬೆಳಕಿಲ್ಲದೆ ತೆಗೆದ ವಿಡಿಯೊ ತರಿಸಿ ನೋಡಿದರು. ರಾಜಕೀಯ ದ್ವೇಷದ ವಾದಕ್ಕೆ ಪುರಾವೆಯಿಲ್ಲವೆಂದು 2018ರ ಡಿಸೆಂಬರ್ 10ರಂದು ತೀರ್ಪಿತ್ತರು. ಪ್ರೊಫೆಸರರ ಮಾತು ಕೇಳಬೇಕು, ಒಪ್ಪಲೇಬೇಕೆಂದಿಲ್ಲ.

ಹಸ್ತಾಂತರ ಬೇರೆ, ಆಶ್ರಯ ಕೋರಿಕೆ ಬೇರೆ. ಆದರೂ ಈ ಮನುಷ್ಯನನ್ನು ವಾಪಸು ಕಳಿಸಿದರೆ ಅಲ್ಲಿ ಏನಾದೀತು ಎಂಬ ಪ್ರಶ್ನೆ ಎರಡರಲ್ಲೂ ಏಳುತ್ತದೆ. ತಮಿಳುನಾಡು, ಶ್ರೀಲಂಕಾಗಳಲ್ಲಿ ಅಧ್ಯಯನ ಮಾಡಿದ ಎಡಿನ್‌ಬರೋದ ಮಾನವಶಾಸ್ತ್ರಜ್ಞ ಆಂಟನಿ ಗುಡ್, ಬ್ರಿಟನ್ನಿನಲ್ಲಿ ಆಶ್ರಯ ಬೇಡಿದ ಶ್ರೀಲಂಕಾ ತಮಿಳರ ಎಷ್ಟೋ ಪ್ರಕರಣಗಳಲ್ಲಿ ತಜ್ಞವರದಿ ಕೊಟ್ಟವರು. ಅನುಭವವನ್ನು 2007ರಲ್ಲಿ ಪುಸ್ತಕವಾಗಿಯೂ ಬರೆದರು. ಅರ್ಜಿದಾರ ಹೇಳುವ ಊರಿನ ಪಕ್ಕ ಸೇನಾ ಶಿಬಿರವಿತ್ತೇ, ಅವನು ಹೇಳುವ ವರ್ಷ ಅಲ್ಲಿ ಹುಡುಗರನ್ನು ಹಿಡಿದೊಯ್ಯುತ್ತಿದ್ದರೇ ಎಂಬುದನ್ನು ಇಂಥ ತಜ್ಞರು ಹೇಳಬಲ್ಲರು. ಅರ್ಜಿದಾರ ನಿಜ ಹೇಳುತ್ತಿದ್ದಾನೆ ಎಂದು ಮಾತ್ರ ಹೇಳುವಂತಿಲ್ಲ, ಅದು ನ್ಯಾಯಾಧೀಶರ ಕೆಲಸ. ಫೀಸು ಯಾರೇ ಕೊಡಲಿ, ತಜ್ಞರ ನಿಷ್ಠೆ ಕೋರ್ಟಿಗೆ. ಈ ಗೆರೆ ದಾಟಿದ ದಿನ ಅವರ ವರದಿಗೆ ಬೆಲೆಯಿಲ್ಲ. ನಷ್ಟವಾಗುವುದು ಉಟ್ಟ ಬಟ್ಟೆಯಲ್ಲಿ ಓಡಿಬಂದವನಿಗೆ.

ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಆಶ್ರಯಕ್ಕೆಂದೇ ಕಾಯಿದೆಯೂ ಇಲ್ಲ. ಮ್ಯಾನ್ಮಾರ್, ಅಫ್ಘಾನಿಸ್ತಾನಗಳನ್ನು ಬಲ್ಲ ವಿದ್ವಾಂಸರು ನಮ್ಮಲ್ಲಿದ್ದಾರೆ, ಅವರನ್ನು ಕರೆದು ಕೇಳಬೇಕಾದ ಆಶ್ರಯ ನ್ಯಾಯಮಂಡಳಿಯೇ ಇಲ್ಲ. 2015ರಲ್ಲಿ ಶಶಿ ತರೂರ್ ಲೋಕಸಭೆಯಲ್ಲಿ ಆಶ್ರಯ ಕುರಿತ ಖಾಸಗಿ ಮಸೂದೆ ಮಂಡಿಸಿದ್ದರು, ಅದು ಕಾಯಿದೆಯಾಗಲಿಲ್ಲ. ಸರ್ಕಾರವೇ ಅಂಥದೊಂದು ಮಸೂದೆ ತರಬೇಕು.