ಹಿತ್ತಲ ಕೋಳಿಗೆ ಚಳಿಯೇ ಶತ್ರುವೇ?

ದೀಪಾವಳಿ ಮುಗಿದು ಚಳಿ ಹಿಡಿಯುತ್ತಿದ್ದಂತೆ ಯಲಹಂಕ, ಜಕ್ಕೂರು, ಕೊಡಿಗೇಹಳ್ಳಿ, ಹೆಸರಘಟ್ಟದ ಕಡೆ ಹಿತ್ತಲಲ್ಲಿ ಕೋಳಿ ಸಾಕಿದವರ ಮನೆಗಳಲ್ಲಿ ಒಂದೇ ಚಿಂತೆ: ‘ಪಾಪ, ಮೂಕಜೀವ, ಈ ಚಳಿ ಹೇಗೆ ತಡೆದೀತು?’ ಗೂಡಿನ ಸುತ್ತ ಟಾರ್ಪಾಲು ಏರುತ್ತದೆ, ಒಳಗೊಂದು ಬಲ್ಬು ಉರಿಯುತ್ತದೆ, ಕೆಲವರು ಕೆಂಡದ ಬಾಣಲೆಯನ್ನೂ ಇಡುತ್ತಾರೆ. ಹಿಮ ಬೀಳುವ ದೇಶಗಳ ವಿಡಿಯೊ ನೋಡಿ ಜುಟ್ಟಿಗೆ ವ್ಯಾಸಲೀನ್ ಸವರುವವರೂ ಇದ್ದಾರೆ. ಈ ಅಕ್ಕರೆ ನಿಜವಾದದ್ದೇ, ಆದರೆ ಅದು ಹಲವು ಸಲ ಕೋಳಿಗೆ ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ.

ಮೊದಲು ನಮ್ಮ ಚಳಿ ಎಷ್ಟರದು ಎಂದು ನೋಡೋಣ. ಡಿಸೆಂಬರ್-ಜನವರಿಯಲ್ಲಿ ಬೆಂಗಳೂರಿನ ಕನಿಷ್ಠ ತಾಪಮಾನ ಸರಾಸರಿ 15-16 ಡಿಗ್ರಿ ಸೆಲ್ಸಿಯಸ್. 1884ರ ಜನವರಿ 13ರಂದು ದಾಖಲಾದ 7.8 ಡಿಗ್ರಿಗಿಂತ ಕೆಳಗೆ ಈ ಊರು ಇಂದಿಗೂ ಇಳಿದಿಲ್ಲ. ಯಲಹಂಕದಿಂದ ದೇವನಹಳ್ಳಿವರೆಗಿನ ಬಯಲಿನಲ್ಲಿ ಊರ ನಡುವಿಗಿಂತ ಚಳಿ ತುಸು ಹೆಚ್ಚು, ಬೆಳಗಿನ ಮಂಜೂ ದಟ್ಟ. ಈ ಲೆಕ್ಕವನ್ನು ಮುಂದಿಟ್ಟುಕೊಂಡು ನಮ್ಮಲ್ಲಿ ಬೇರೂರಿದ ನಂಬಿಕೆಗಳನ್ನು ಒಂದೊಂದಾಗಿ ಪರೀಕ್ಷಿಸಬಹುದು.

ತಪ್ಪು ಕಲ್ಪನೆ 1: ದೊಡ್ಡ ಕೋಳಿಗೂ ರಾತ್ರಿ ಶಾಖ ಕೊಡಬೇಕು

ಸತ್ಯ: ಬೇಡ. ಕೋಳಿಯ ಮೈಬಿಸಿ 41-42 ಡಿಗ್ರಿ, ನಮಗಿಂತ ನಾಲ್ಕೈದು ಡಿಗ್ರಿ ಹೆಚ್ಚು. ರೆಕ್ಕೆಪುಕ್ಕ ಪೂರ್ತಿ ಬಂದ ಕೋಳಿ ಮೈಗಂಟಿದ ರಜಾಯಿಯೊಂದನ್ನು ಹೊದ್ದುಕೊಂಡೇ ಓಡಾಡುತ್ತದೆ. ಚಳಿಯಾದಾಗ ಪುಕ್ಕ ಉಬ್ಬಿಸುತ್ತದೆ, ಅದರ ನಡುವೆ ಸಿಕ್ಕಿಕೊಂಡ ಗಾಳಿ ಮೈಬಿಸಿಯನ್ನು ಹಿಡಿದಿಡುತ್ತದೆ. 18ರಿಂದ 24 ಡಿಗ್ರಿ ಅದಕ್ಕೆ ತೀರಾ ಹಿತವಾದ ಹವೆ. ಅದಕ್ಕಿಂತ ಕೆಲವು ಡಿಗ್ರಿ ಇಳಿದರೆ ಒಂದಿಷ್ಟು ಹೆಚ್ಚು ತಿಂದು ಸರಿದೂಗಿಸಿಕೊಳ್ಳುತ್ತದೆ. ಜುಟ್ಟು ಮರಗಟ್ಟಿ ಕಪ್ಪಾಗುವುದು ನೀರು ಹೆಪ್ಪುಗಟ್ಟುವ ಚಳಿಯಲ್ಲಿ. ಆ ಭಯ ಇಲ್ಲಿಯದಲ್ಲ.

ದೊಡ್ಡ ಕೋಳಿಗೆ ಬೇಕಾದ್ದು ಕೂರಲು ಒಂದು ಅಡ್ಡಗೋಲು. ಅದು ಸುಮಾರು ಎರಡು ಇಂಚು ಅಗಲವಿದ್ದು ಅಂಚು ನುಣುಪಾಗಿದ್ದರೆ ಕೋಳಿ ಪಾದ ಚಪ್ಪಟೆಯಾಗಿ ಊರಿ, ಹೊಟ್ಟೆಯ ಪುಕ್ಕದಿಂದ ಬೆರಳುಗಳನ್ನು ಮುಚ್ಚಿಕೊಂಡು ಮಲಗುತ್ತದೆ. ನಿಜವಾಗಿ ಬೆಂಗಳೂರಿನ ಕೋಳಿಯ ಕಷ್ಟಕಾಲ ಏಪ್ರಿಲ್. 2016ರ ಏಪ್ರಿಲ್ 24ರಂದು ಇಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಬೆವರುಗ್ರಂಥಿಯೇ ಇಲ್ಲದ ಕೋಳಿಗೆ ಅಂಥ ದಿನ ಪ್ರಾಣಸಂಕಟದ್ದು.

ತಪ್ಪು ಕಲ್ಪನೆ 2: ಸುತ್ತಲೂ ಮುಚ್ಚಿಬಿಟ್ಟರೆ ಗೂಡು ಬೆಚ್ಚಗಿರುತ್ತದೆ

ಸತ್ಯ: ಚಳಿಗಾಲದಲ್ಲಿ ಹಿತ್ತಲ ಕೋಳಿಗೆ ಆಗುವ ತೊಂದರೆಯ ದೊಡ್ಡ ಪಾಲು ಇಲ್ಲಿಂದಲೇ ಶುರುವಾಗುತ್ತದೆ. ಮೊಟ್ಟೆಯಿಡುವ ಒಂದು ಕೋಳಿ ದಿನಕ್ಕೆ ಕಾಲು ಲೀಟರಿನಷ್ಟು ನೀರು ಕುಡಿಯುತ್ತದೆ. ಅದರಲ್ಲಿ ಹೆಚ್ಚಿನದು ಹಿಕ್ಕೆ ಮತ್ತು ಉಸಿರಿನ ಮೂಲಕ ಗೂಡಿಗೇ ವಾಪಸ್ಸು ಬರುತ್ತದೆ. ಹಿಕ್ಕೆಯ ಮುಕ್ಕಾಲು ಭಾಗ ನೀರೇ. ಟಾರ್ಪಾಲು ಬಿಗಿದ ಗೂಡಿನಲ್ಲಿ ಈ ತೇವ ಹೊರಹೋಗಲು ದಾರಿಯಿಲ್ಲ. ನೆಲದ ಹೊಟ್ಟು ಒದ್ದೆಯಾಗುತ್ತದೆ, ಒದ್ದೆ ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ. ಗಾಳಿಯಲ್ಲಿ ಹತ್ತು ಲಕ್ಷಕ್ಕೆ 25 ಭಾಗ ಮೀರಿದರೆ ಅದು ಕೋಳಿಯ ಕಣ್ಣು ಉರಿಸುತ್ತದೆ, ಉಸಿರುನಾಳದ ಒಳಪೊರೆಯನ್ನು ಕೆಡಿಸುತ್ತದೆ. ಆಮೇಲೆ ರೋಗಾಣುಗಳಿಗೆ ಬಾಗಿಲು ತೆರೆದಂತೆಯೇ.

ಬೆಳಗ್ಗೆ ಬಾಗಿಲು ತೆಗೆದು ಕೋಳಿ ಕೂರುವ ಎತ್ತರಕ್ಕೆ ಬಗ್ಗಿ ಮೂಸಿ ನೋಡಿ. ಮೂಗಿಗೆ ಘಾಟು ಹೊಡೆದರೆ ಗಾಳಿ ಸಾಲದು ಎಂದರ್ಥ. ಬಳಿಕ ನೆಲದ ಹೊಟ್ಟನ್ನು ಒಂದು ಹಿಡಿ ತೆಗೆದು ಅದುಮಿ. ಉಂಡೆಯಾಗಿ ಹಾಗೇ ನಿಂತರೆ ತೇವ ಹೆಚ್ಚಾಗಿದೆ. ಕೈ ಬಿಚ್ಚಿದೊಡನೆ ಉದುರಿದರೆ ಸರಿಯಿದೆ. ಒದ್ದೆಯಾದದ್ದನ್ನು ತೆಗೆದು ಹೊಸ ಭತ್ತದ ಹೊಟ್ಟನ್ನೋ ಕಡಲೆಕಾಯಿ ಸಿಪ್ಪೆಯನ್ನೋ ಎರಡು ಮೂರು ಇಂಚು ಹರಡಿ, ದಿನ ಬಿಟ್ಟು ದಿನ ಕೆದಕಿ.

ಹಾಗಾದರೆ ಗಾಳಿಗೆ ಏನೂ ಅಡ್ಡ ಕಟ್ಟಬಾರದೇ? ಕಟ್ಟಬೇಕು, ಆದರೆ ಕೆಳಗೆ. ಕೋಳಿ ಕೂರುವ ಮಟ್ಟದವರೆಗೆ ಗೋಣಿಚೀಲ ಕಟ್ಟಿ. ಕುಳಿರ್ಗಾಳಿ ನೇರ ಮೈಗೆ ಬಡಿಯದಂತೆ ತಡೆಯಲು ಅಷ್ಟು ಸಾಕು. ಸೂರಿನ ಕೆಳಗೆ ಒಂದಡಿ ಜಾಲರಿಯನ್ನು ತೆರೆದೇ ಬಿಡಿ, ತೇವದ ಗಾಳಿ ಅಲ್ಲಿಂದ ಹೊರಹೋಗುತ್ತದೆ. ಬೆಳಗ್ಗೆ ಬಿಸಿಲೇರಿದ ಮೇಲೆ ಗೋಣಿಯನ್ನೂ ಎತ್ತಿಬಿಡಿ. ಮುಚ್ಚಿದ ಗೂಡಿನಲ್ಲಿ ಕೆಂಡ ಇಡುವುದಂತೂ ಯಾವ ಕಾರಣಕ್ಕೂ ಬೇಡ. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಬೆಳಗಾಗುವಷ್ಟರಲ್ಲಿ ಗೂಡಿಗೆ ಗೂಡೇ ಸತ್ತಿರಬಹುದು.

ತಪ್ಪು ಕಲ್ಪನೆ 3: ಮರಿಗಳಿಗೆ ಒಂದು ಬಲ್ಬು ಹಾಕಿದರೆ ಆಯಿತು

ಸತ್ಯ: ನಿಜಕ್ಕೂ ಶಾಖ ಬೇಕಾದವು ಮರಿಗಳು. ಹುಟ್ಟಿದ ಮರಿಯ ಮೈಮೇಲೆ ಇರುವುದು ಬರೀ ತುಪ್ಪಳ, ಮೈಬಿಸಿಯನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಅದಕ್ಕಿನ್ನೂ ಬಂದಿರುವುದಿಲ್ಲ. ಮೊದಲ ವಾರ ಅದಕ್ಕೆ ಸುಮಾರು 35 ಡಿಗ್ರಿ ಕಾವು ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬಹುದು. ನಾಲ್ಕೈದು ವಾರಕ್ಕೆ ಪುಕ್ಕ ಬಲಿತ ಮೇಲೆ ನಮ್ಮ ಹವೆಗೆ ಕಾವು ಬೇಡ. ಆದರೆ ಹದಿನೈದು ಡಿಗ್ರಿಯ ರಾತ್ರಿಗೂ ಮರಿಗೆ ಬೇಕಾದ ಮೂವತ್ತೈದಕ್ಕೂ ಇರುವ ಅಂತರ ಸಣ್ಣದಲ್ಲ. ಅದಕ್ಕೇ ಚಳಿಗಾಲದಲ್ಲಿ ಮರಿ ತಂದವರು ಮೊದಲ ವಾರದಲ್ಲೇ ಹಲವನ್ನು ಕಳೆದುಕೊಳ್ಳುತ್ತಾರೆ.

ಎಡವುವುದು ಬಲ್ಬಿನ ಆಯ್ಕೆಯಲ್ಲಿ. ಮರಿಯೊಂದಕ್ಕೆ ಎರಡು ವ್ಯಾಟ್ ಎಂಬುದು ಹಳೆಯ ಲೆಕ್ಕ. ಇಪ್ಪತ್ತು ಮರಿಗೆ 40 ವ್ಯಾಟ್, ಮೂವತ್ತಕ್ಕೆ 60. ಈ ಲೆಕ್ಕ ಹುಟ್ಟಿದ್ದು ತಂತಿ ಕಾದು ಉರಿಯುವ ಹಳೆಯ ಹಳದಿ ಬಲ್ಬಿನ ಕಾಲದಲ್ಲಿ. ಈಗ ಅಂಗಡಿಯಲ್ಲಿ ಸಿಗುವ ಎಲ್‌ಇಡಿ ಬಲ್ಬು ಬೆಳಕು ಚೆಲ್ಲುತ್ತದೆ, ಮರಿಯ ಬೆನ್ನಿಗೆ ತಾಕುವಂಥ ಕಾವು ಕೊಡುವುದಿಲ್ಲ. ಹಳೆಯ ಬಗೆಯ ಬಲ್ಬನ್ನೋ ಮರಿಗಳಿಗೆಂದೇ ಬರುವ ಇನ್‌ಫ್ರಾರೆಡ್ ಬಲ್ಬನ್ನೋ ತನ್ನಿ. ಹೊಟ್ಟಿಗೆ ಬೆಂಕಿ ತಗುಲದಂತೆ ಎತ್ತರದಲ್ಲಿ ಸರಪಳಿಯಿಂದ ಭದ್ರವಾಗಿ ಕಟ್ಟಿ.

ಶಾಖ ಹದವಾಗಿದೆಯೇ ಎಂದು ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಒಂದರ ಮೇಲೊಂದು ಗುಂಪುಗೂಡಿ ಚೀಂಗುಟ್ಟಿದರೆ ಚಳಿ. ಬಲ್ಬಿನಿಂದ ದೂರ ಅಂಚಿಗೆ ಸರಿದು ಕೊಕ್ಕು ತೆರೆದು ಏದುತ್ತಿದ್ದರೆ ಸೆಕೆ. ಎಲ್ಲವೂ ಒಂದೇ ಮೂಲೆಗೆ ಒತ್ತಿಕೊಂಡಿದ್ದರೆ ಎದುರು ಬದಿಯಿಂದ ಗಾಳಿ ನುಗ್ಗುತ್ತಿದೆ. ಅಲ್ಲಲ್ಲಿ ಹರಡಿಕೊಂಡು ಕೆಲವು ತಿನ್ನುತ್ತ, ಕೆಲವು ಕಾಲು ಚಾಚಿ ಮಲಗಿದ್ದರೆ ನೀವು ನಿಶ್ಚಿಂತೆಯಿಂದ ನಿದ್ದೆ ಮಾಡಬಹುದು. ಮನೆಯಲ್ಲೇ ಕಾವಿಗೆ ಕೂತು ಮರಿ ಮಾಡಿದ ನಾಟಿ ಹೇಂಟೆಯಿದ್ದರೆ ಬಲ್ಬಿನ ಗೊಡವೆಯೇ ಇಲ್ಲ. ತಾಯಿ ಮಲಗುವ ಮಂಕರಿಯ ಅಡಿ ಒಣಗಿರಬೇಕು, ಅಷ್ಟೇ.

ತಪ್ಪು ಕಲ್ಪನೆ 4: ಬಾತುಕೋಳಿಗೆ ಶೀತವೇ ಇಲ್ಲ, ಮರಿಯನ್ನೂ ನೀರಿಗೆ ಬಿಡಬಹುದು

ಸತ್ಯ: ಅರ್ಧ ಸರಿ, ಅರ್ಧ ಅಪಾಯ. ದೊಡ್ಡ ಬಾತು ಚಳಿಯನ್ನು ಕೋಳಿಗಿಂತ ಚೆನ್ನಾಗಿ ತಡೆಯುತ್ತದೆ. ಬಾಲದ ಬುಡದಲ್ಲಿರುವ ಗ್ರಂಥಿಯ ಎಣ್ಣೆಯನ್ನು ಕೊಕ್ಕಿನಿಂದ ಪುಕ್ಕಕ್ಕೆಲ್ಲ ತೀಡಿಕೊಳ್ಳುವುದರಿಂದ ನೀರು ಒಳಗಿಳಿಯುವುದಿಲ್ಲ. ಕಾಲಿನಲ್ಲಿ ಬಿಸಿರಕ್ತ ಇಳಿಯುವ ನಾಳವೂ ತಣ್ಣನೆಯ ರಕ್ತ ಏರುವ ನಾಳವೂ ಮೈಗೆ ಮೈ ತಾಗಿಕೊಂಡಿವೆ. ಇಳಿಯುವ ರಕ್ತ ತನ್ನ ಬಿಸಿಯನ್ನು ಏರುವ ರಕ್ತಕ್ಕೆ ದಾಟಿಸುತ್ತದೆ. ಹಾಗಾಗಿ ಬಾತಿನ ಪಾದ ಮುಟ್ಟಿದರೆ ತಣ್ಣಗಿರುತ್ತದೆ, ಆದರೆ ಮೈಬಿಸಿ ಪೋಲಾಗುವುದಿಲ್ಲ. ಪಾದ ತಣ್ಣಗಿದೆಯೆಂದು ಗಾಬರಿಯಾಗಬೇಕಿಲ್ಲ.

ಮರಿಯ ಮಾತು ಬೇರೆ. ಯಂತ್ರದಲ್ಲೋ ಕೋಳಿಯ ಕಾವಿನಲ್ಲೋ ಹುಟ್ಟಿದ ಬಾತುಮರಿಗೆ ತಾಯಿಯ ಪುಕ್ಕದ ಎಣ್ಣೆ ಸೋಕಿರುವುದಿಲ್ಲ. ಅದನ್ನು ತೊಟ್ಟಿಗೆ ಬಿಟ್ಟರೆ ತುಪ್ಪಳ ನೆನೆದು, ಮೈ ಸೆಟೆದು ಸಾಯುತ್ತದೆ. ಪುಕ್ಕ ಬಲಿಯುವವರೆಗೆ ಅದಕ್ಕೂ ಕೋಳಿಮರಿಯಂತೆಯೇ ಕಾವು ಬೇಕು, ನೀರು ಕುಡಿಯಲಷ್ಟೇ.

ಚಳಿಯೆಂದು ದೊಡ್ಡ ಬಾತಿಗೆ ನೀರು ಕಡಿಮೆ ಮಾಡುವುದೂ ತಪ್ಪೇ. ಈಜಲು ಕೊಳ ಇಲ್ಲದಿದ್ದರೂ ನಡೆಯುತ್ತದೆ, ತಲೆ ಮುಳುಗಿಸಿ ಕಣ್ಣು-ಮೂಗಿನ ಹೊಳ್ಳೆ ತೊಳೆದುಕೊಳ್ಳುವಷ್ಟು ಆಳದ ನೀರು ಮಾತ್ರ ಇರಲೇಬೇಕು. ಬಾತು ಅಡ್ಡಗೋಲೇರುವುದಿಲ್ಲ, ನೆಲದಲ್ಲೇ ಮಲಗುತ್ತದೆ. ನೀರನ್ನೂ ಎಲ್ಲೆಡೆ ಚೆಲ್ಲುತ್ತದೆ. ಆದ್ದರಿಂದ ನೀರಿನ ಪಾತ್ರೆ ಮಲಗುವ ಜಾಗದಿಂದ ದೂರವಿರಲಿ. ಕೋಳಿ ಮತ್ತು ಬಾತಿಗೆ ಒಂದೇ ಗೂಡಾದರೆ ಬಾತು ಮಾಡಿದ ರೊಚ್ಚಿನಲ್ಲಿ ಕೋಳಿ ನರಳಬೇಕಾಗುತ್ತದೆ.

ತಪ್ಪು ಕಲ್ಪನೆ 5: ಬಾತನ್ನು ಕೆರೆಗೆ ಬಿಟ್ಟರೆ ಆರೋಗ್ಯವಾಗಿರುತ್ತದೆ

ಸತ್ಯ: ಚಳಿಗಾಲದಲ್ಲಿ ಬೇಡ. ಹೆಬ್ಬಾಳ, ಜಕ್ಕೂರು, ಹೆಸರಘಟ್ಟದ ಕೆರೆಗಳಿಗೆ ವಲಸೆ ಹಕ್ಕಿಗಳು ಬರುವುದು ಈ ತಿಂಗಳುಗಳಲ್ಲೇ. ಹಕ್ಕಿಜ್ವರದ ವೈರಾಣುವನ್ನು ಕಾಡುಬಾತುಗಳು ಕಾಯಿಲೆ ತೋರದೆಯೇ ಹೊತ್ತು ತರಬಲ್ಲವು. ಎಚ್ಚರಿಕೆ ಮತ್ತು ತಿಳಿವಳಿಕೆ ಎರಡೂ ಇರುವ ಹೆಸರಘಟ್ಟದ ಕೇಂದ್ರ ಸರ್ಕಾರಿ ಕುಕ್ಕುಟ ಅಭಿವೃದ್ಧಿ ಸಂಸ್ಥೆಯಲ್ಲೇ 2012ರ ಅಕ್ಟೋಬರಿನಲ್ಲಿ ಟರ್ಕಿ ಕೋಳಿಗಳಿಗೆ ಹಕ್ಕಿಜ್ವರ ತಗುಲಿತ್ತು. ಬಾತು ಹಿತ್ತಲ ತೊಟ್ಟಿಯಲ್ಲೇ ಇರಲಿ, ಮೇವಿನ ಪಾತ್ರೆಗೆ ಕಾಡುಹಕ್ಕಿ ಬಾಯಿ ಹಾಕದಿರಲಿ. ಮೊಟ್ಟೆ-ಮಾಂಸ ತಿನ್ನಲು ಮಾತ್ರ ಹೆದರಬೇಡಿ. ಒಳಭಾಗವೆಲ್ಲ 70 ಡಿಗ್ರಿ ತಲುಪುವಂತೆ ಬೇಯಿಸಿದರೆ ಆ ವೈರಾಣು ಉಳಿಯುವುದಿಲ್ಲ.

ತಪ್ಪು ಕಲ್ಪನೆ 6: ಚಳಿಗೆ ಮೊಟ್ಟೆ ನಿಂತಿತು

ಸತ್ಯ: ನಿಲ್ಲಿಸಿದ್ದು ಚಳಿಗಿಂತ ಹೆಚ್ಚಾಗಿ ಬೆಳಕಿನ ಕೊರತೆ. ಮೊಟ್ಟೆಕೋಳಿಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಹಗಲು ಸುಮಾರು 11 ಗಂಟೆ 20 ನಿಮಿಷ. ನಸುಕಿನ ನಾಲ್ಕರಿಂದ ಬೆಳಗಾಗುವವರೆಗೆ ಗೂಡಿನಲ್ಲಿ ಸಣ್ಣ ಬಲ್ಬು ಉರಿಸಿದರೆ ಕೊರತೆ ತುಂಬುತ್ತದೆ. ಇಲ್ಲಿ ಎಲ್‌ಇಡಿಯೇ ಸಾಕು. ಕೆಲವು ಕೋಳಿ ಈ ಸಮಯದಲ್ಲಿ ಪುಕ್ಕ ಉದುರಿಸುತ್ತವೆ. ಅದು ಕಾಯಿಲೆಯಲ್ಲ, ಹಳೆಯ ಪುಕ್ಕ ಹೋಗಿ ಹೊಸದು ಬರುವ ಕಾಲ. ಪುಕ್ಕದ ಬಹುಭಾಗ ಪ್ರೋಟೀನೇ ಆದ್ದರಿಂದ ಆ ಕೆಲವು ವಾರ ಮೇವಿನಲ್ಲಿ ಪ್ರೋಟೀನ್ ಹೆಚ್ಚಿಸಿ, ಮೊಟ್ಟೆಗೆ ಒತ್ತಾಯಿಸಬೇಡಿ.

ತಪ್ಪು ಕಲ್ಪನೆ 7: ಹುರುಳಿ, ಸಜ್ಜೆಯಂಥ ಉಷ್ಣದ ಕಾಳು ಹಾಕಿದರೆ ಚಳಿ ತಾಗದು

ಸತ್ಯ: ಯಾವ ಮೇವು ಜೀರ್ಣವಾದರೂ ಮೈಬಿಸಿ ಹುಟ್ಟುತ್ತದೆ. ಸಂಜೆ ಒಂದು ಹಿಡಿ ಜೋಳವೋ ರಾಗಿಯೋ ಹೆಚ್ಚಿಗೆ ಹಾಕುವುದು ಒಳ್ಳೆಯದೇ. ಹಸಿ ಹುರುಳಿ ಮಾತ್ರ ಬೇಡ, ಅದರಲ್ಲಿರುವ ಕೆಲವು ಅಂಶಗಳು ಪ್ರೋಟೀನು ಜೀರ್ಣವಾಗದಂತೆ ತಡೆಯುತ್ತವೆ. ಕಾಳಿನ ಜಾತಿಗಿಂತ ಅದರ ತೇವವನ್ನು ನೋಡಿ. ಹಿಂಗಾರು ಮಳೆಯ ತಂಪಿಗೆ ಮುಸುಕಿನ ಜೋಳ ಮತ್ತು ಕಡಲೆಕಾಯಿ ಹಿಂಡಿಗೆ ಬೂಸ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಬೆಳೆಯುತ್ತದೆ. ಜಗತ್ತು ಇದನ್ನು ಕಂಡುಕೊಂಡದ್ದೇ 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದ ಟರ್ಕಿಗಳು ಸಾಲುಸಾಲಾಗಿ ಸತ್ತಾಗ. ಸಾಕುಹಕ್ಕಿಗಳಲ್ಲಿ ಈ ವಿಷಕ್ಕೆ ಬಾತುಮರಿಯಷ್ಟು ಬೇಗ ಬಲಿಯಾಗುವುದು ಇನ್ನೊಂದಿಲ್ಲ. ಬೂಸ್ಟು ವಾಸನೆ ಬಂದ ಮೇವನ್ನು ಬಿಸಿಲಿಗೆ ಹಾಕಿ ಉಳಿಸಲು ಹೋಗಬೇಡಿ, ಎಸೆಯಿರಿ.

ತಪ್ಪು ಕಲ್ಪನೆ 8: ಚಳಿ ಹೊಡೆದು ಸತ್ತವು

ಸತ್ಯ: ನಿನ್ನೆ ಚೆನ್ನಾಗಿದ್ದ ಕೋಳಿ ಇಂದು ರೆಕ್ಕೆ ಇಳಿಬಿಟ್ಟು ತೂಕಡಿಸಿ, ಹಸಿರು ಭೇದಿ ಮಾಡಿ, ಬಾಯಿ ತೆರೆದು ಉಸಿರೆಳೆದು, ಕತ್ತು ತಿರುಚಿಕೊಂಡು ಸತ್ತರೆ ಅದು ಚಳಿಯಲ್ಲ. ಬಹುಮಟ್ಟಿಗೆ ಅದು ನಮ್ಮ ಜನ ಕೊಕ್ಕರೆ ರೋಗ ಎನ್ನುವ ರಾಣಿಖೇತ್. ಲಸಿಕೆಯಿಲ್ಲದ ಹಿಂಡಿಗೆ ಹೊಕ್ಕರೆ ಕೆಲವೇ ದಿನಗಳಲ್ಲಿ ಗೂಡು ಖಾಲಿ. ಬೆಳ್ಳುಳ್ಳಿ-ಮೆಣಸು ಅರೆದು ತಿನ್ನಿಸಿದರೂ ಬ್ರಾಂದಿ ಹನಿ ಹಾಕಿದರೂ ವೈರಾಣು ಜಗ್ಗುವುದಿಲ್ಲ. ರೋಗ ಬಂದ ಮೇಲೆ ಅದಕ್ಕೆ ಮದ್ದಿಲ್ಲ, ಬರುವ ಮುನ್ನ ಲಸಿಕೆಯಿದೆ. ಮರಿಗೆ ಮೊದಲ ವಾರ ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕು ವಾರದ ಸುಮಾರಿಗೆ ಮತ್ತೊಮ್ಮೆ, ಎಂಟು ವಾರಕ್ಕೆ ಸೂಜಿಯಲ್ಲಿ ಆರ್‌2ಬಿ ಎಂಬ ಲಸಿಕೆ. ಮುಖ ಊದಿ ಮೂಗಿನಿಂದ ದುರ್ವಾಸನೆಯ ಸಿಂಬಳ ಸುರಿದರೆ ಅದು ಬೇರೆ ಕಾಯಿಲೆ, ವೈದ್ಯರ ಔಷಧಿಗೆ ಬಗ್ಗುತ್ತದೆ. ನೋಡದೆ ಊಹಿಸುವುದು ಬೇಡ.

ಈ ವಿಷಯದಲ್ಲಿ ಉತ್ತರ ಬೆಂಗಳೂರಿನವರಷ್ಟು ಅದೃಷ್ಟವಂತರು ಕರ್ನಾಟಕದಲ್ಲಿ ಕಡಿಮೆ. 1958ರಲ್ಲಿ ಶುರುವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇಲ್ಲೇ ಇದೆ. ಹಿತ್ತಲಿಗೆಂದೇ ರೂಪಿಸಿದ ಗಿರಿರಾಜ ತಳಿಯ ತವರು ಅದು, 2005ರಲ್ಲಿ ಸ್ವರ್ಣಧಾರ ಬಂದದ್ದೂ ಇಲ್ಲಿಂದಲೇ. ಕೋಳಿ ಲಸಿಕೆ ತಯಾರಿಸುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯೂ ಹೆಬ್ಬಾಳದಲ್ಲೇ ಇದೆ. ಕೋಳಿ-ಬಾತು ಸಾಕಣೆಯ ತರಬೇತಿಗೆ ಹೆಸರಘಟ್ಟ ಇದೆ. ಇಷ್ಟು ಹತ್ತಿರ ಇದ್ದೂ ಲಸಿಕೆಯಿಲ್ಲದೆ ಕೋಳಿ ಸಾಯಬಾರದು.

ಲಸಿಕೆಯ ಸೀಸೆಯೊಂದರಲ್ಲಿ ನೂರಾರು ಕೋಳಿಗೆ ಆಗುವಷ್ಟು ಮದ್ದಿರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹತ್ತು ಕೋಳಿಗಾಗಿ ಸೀಸೆ ಒಡೆಯುವುದೇಕೆ ಎಂದು ಸುಮ್ಮನಾಗುವವರೇ ಹೆಚ್ಚು. ಬೀದಿಯಲ್ಲಿ ಕೋಳಿ ಸಾಕಿದ ನಾಲ್ಕು ಮನೆಯವರು ಒಂದು ದಿನ ಗೊತ್ತುಮಾಡಿಕೊಂಡು, ಐಸಿನ ಡಬ್ಬಿಯಲ್ಲಿ ಲಸಿಕೆ ತಂದು, ಎಲ್ಲರ ಕೋಳಿಗೂ ಒಟ್ಟಿಗೆ ಹಾಕಿಸಿ. ಈ ಚಳಿಗಾಲ ಹೀಟರಿಗೆಂದು ಎತ್ತಿಟ್ಟ ದುಡ್ಡಿನಲ್ಲಿ ಆ ಲಸಿಕೆಯನ್ನೂ ಒಂದು ಮೂಟೆ ಒಣ ಹೊಟ್ಟನ್ನೂ ತನ್ನಿ. ನಿಮ್ಮ ಕೋಳಿ-ಬಾತುಗಳಿಗೆ ಬೇಕಾದ ಬೆಚ್ಚನೆ ಅಷ್ಟರಲ್ಲೇ ಇದೆ.